ಮೊದಲ ಸ್ವಿಚ್ಚು, ಮೂರನೇ ದೀಪ

ಗಾಬರಿಯಾದಾಗ ಕೆಲವರಿಗೆ ಬೆವರು ಬರುತ್ತದೆ, ನನಗೆ ಬೇರೆಯವರ ದನಿ ಬರುತ್ತದೆ. ನಮ್ಮ ಗೈಡ್ ಮೇಡಂ ಹೊನ್ನಾವರದ ಬಸ್ಸಿಳಿದು ಏದುಸಿರಿನಲ್ಲೇ ಹಾಜರಿ ಕೂಗುವುದನ್ನು ನಾನು ಮಾಡಿ ತೋರಿಸಿದರೆ ಕ್ಯಾಂಟೀನಿನಲ್ಲಿ ಚಹಾ ಪುಕ್ಕಟೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕ್ವಾಂಟಮ್ ಸರ್ಕ್ಯೂಟ್ ಆರಿಸಿಕೊಂಡದ್ದೂ ಇದೇ ಧೈರ್ಯದಲ್ಲಿ. ಅದನ್ನು ಓಡಿಸುವ ಕ್ವಾಂಟಮ್ ಕಂಪ್ಯೂಟರು ನಮ್ಮ ಭಟ್ಕಳದ ಕಾಲೇಜಿನಲ್ಲಿ ಇಲ್ಲ. ನಮ್ಮ ಲ್ಯಾಪ್‌ಟಾಪು ಅದರ ಹಾಗೆ ನಟಿಸಬೇಕು ಅಷ್ಟೇ. ಅಣಕ ತಾನೇ, ನನಗೆ ಬರದ್ದೇ?

ಕ್ಯೂಬಿಟ್ ಎಂದರೆ ಸದ್ಯಕ್ಕೆ ದೀಪ ಎಂದುಕೊಳ್ಳಿ. ಮೂರು ದೀಪಗಳಲ್ಲಿ ಮೊದಲನೆಯದನ್ನು ಹತ್ತಿಸು ಎಂದು ಕೋಡ್ ಬರೆದೆ. 1 ಎಂದರೆ ಹತ್ತಿದ್ದು, 0 ಎಂದರೆ ಆರಿದ್ದು; 100 ಎಂದು ಬರಬೇಕಿತ್ತು. 001 ಎಂದು ಬಂತು. ಸೋಮವಾರ ಹೊರಗಿನ ಪರೀಕ್ಷಕರು ಬರುವವರಿದ್ದರು. ಪ್ರಾಜೆಕ್ಟು ಬಿದ್ದರೆ ನನ್ನ ಜೊತೆಗಾರ ಫೈಜಾನನದೂ ಸೇರಿ ಇಬ್ಬರ ಪದವಿಯೂ ಒಂದು ವರ್ಷ ಮುಂದಕ್ಕೆ. ಮೂರನೆಯದನ್ನು ಹತ್ತಿಸು ಎಂದು ಬದಲಿಸಿದೆ. ಮೊದಲನೆಯದು ಹತ್ತಿತು, ಆದರೆ ಅದನ್ನು ನಂಬಿಕೊಂಡಿದ್ದ ಮುಂದಿನ ಲೆಕ್ಕವೆಲ್ಲ ತಲೆಕೆಳಗಾಯಿತು. ಸಾಫ್ಟ್‌ವೇರನ್ನೆಲ್ಲ ತೆಗೆದು ಮತ್ತೆ ಹಾಕಿದೆ. ಫೈಜಾನನಿಗೆ ಫೋನ್ ಮಾಡಿ, ನೀನು ಬರೆದ ಭಾಗದಲ್ಲೇ ತಪ್ಪಿದೆ ಎಂದು ಮೇಡಂ ಅವರ ದನಿಯಲ್ಲಿ ಬೈದೆ. ಕುಮಟಾ ಹತ್ತಿರದ ಹೊಳನಗದ್ದೆಯ ನಮ್ಮ ಮನೆಯಲ್ಲಿ ನನ್ನ ಮುಖ ನೋಡಿ ಅಮ್ಮ ವಿಷಯ ಕೇಳಿದಳು. ಹೇಳಿದೆ. "ಒಂದಾದ್ರೂ ಹತ್ತಿತಲ್ಲ ತಮಾ, ಬಾ, ಗಂಜಿ ಉಣ್ಣು" ಎಂದಳು. ಗಂಜಿ ಇಳಿಯಲಿಲ್ಲ.

ಶನಿವಾರ ಲ್ಯಾಬಿನಲ್ಲಿ ಫೈಜಾನ್ ನನ್ನ ಪಕ್ಕ ಕೂತು ಪರದೆಯ ಮೇಲೆ ನಾನು ತೆರೆದಿಟ್ಟಿದ್ದ ಮೊದಲ ದಿನದ 001 ಅನ್ನು ಒಮ್ಮೆ ನೋಡಿದ. ಮನೆಯಲ್ಲಿ ಅಜ್ಜನಿಗೆ ದಿನಾ ಉರ್ದು ಪತ್ರಿಕೆ ಓದಿಹೇಳುವವನು ಅವನು.

"ಸರಿಯಾಗೇ ಉಂಟಲ್ಲ ಮಾರಾಯಾ, ಮೊದಲನೇದು ಹತ್ತಿದೆ."

ಎಲ್ಲಿ ಎಂದೆ. ಅವನು ಬಲತುದಿಯ ಮೇಲೆ ಬೆರಳಿಟ್ಟ. "ನೀನು ಎಂತಕ್ಕೆ ಆ ಕಡೆಯಿಂದ ಶುರು ಮಾಡ್ತೀ?"

ಕೈಪಿಡಿ ತೆರೆದು ನೋಡಿದೆ. ಸಂಖ್ಯೆಯಲ್ಲಿ ಬಿಡಿಸ್ಥಾನ ಬಲಕ್ಕಿರುವಂತೆ ಈ ಸಾಫ್ಟ್‌ವೇರೂ ಮೊದಲ ದೀಪವನ್ನು ಬಲಕ್ಕೇ ಇಡುತ್ತದಂತೆ. ಅಂದರೆ ಕೋಡು ಮೊದಲಿನಿಂದಲೂ ಸರಿಯಿತ್ತು. ಮೂರು ದಿನ ಕೂತು ಅದನ್ನು ಕೆಡಿಸಿದವನು ನಾನು. ಫೈಜಾನ್ ನಗಲಿಲ್ಲ. ಹಳೆಯ ಪ್ರತಿಯನ್ನು ಹುಡುಕಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು.

ಸೋಮವಾರ ಪರೀಕ್ಷಕರು, ವರದಿಯಲ್ಲಿ ನಾವು ಬರೆದಿದ್ದ ದೋಷ ಎಲ್ಲಿತ್ತು ಎಂದರು. ಓದುವ ದಿಕ್ಕಿನಲ್ಲಿತ್ತು, ಆಳವಾಗಿ ಅಧ್ಯಯನ ಮಾಡಿದಾಗ ತಿಳಿಯಿತು ಎಂದು ನಾನು ಗಂಭೀರವಾಗಿ ವಿವರಿಸಿದೆ. ಅವರು ಹಾಳೆಯ ಮೇಲೆ 011 ಎಂದು ಬರೆದು, ಆರಿದ ದೀಪ ಯಾವುದು ಎಂದರು. ಮೊದಲನೆಯದು ಸರ್ ಎಂದುಬಿಟ್ಟೆ. ಫೈಜಾನ್ ಮೆಲ್ಲಗೆ "ಮೂರನೇದು ಸರ್" ಎಂದ.

ಇಬ್ಬರೂ ಪಾಸಾದೆವು, ನನಗೆ ಐವತ್ತೊಂಬತ್ತು. ಅಮ್ಮನಿಗೆ ಫೋನಿನಲ್ಲಿ ಬಲದಿಂದ ಓದಿ ಹೇಳಿದ್ದೇನೆ. ತೊಂಬತ್ತೈದು ಎಂದು ಅವಳು ಆಗಲೇ ಕುಮಟಾ ಪೇಟೆಯವರೆಗೂ ಸುದ್ದಿ ಮುಟ್ಟಿಸಿದ್ದಾಳೆ. ಅಂಕಪಟ್ಟಿ ಮುಂದಿನ ವಾರ ಬರುತ್ತದಂತೆ; ನನಗೆ ಗಂಜಿ ಈಗಲೂ ಇಳಿಯುತ್ತಿಲ್ಲ.