ಸವಣೂರಿನ ಸಮುದ್ರ ಮತ್ತು ನನ್ನ ಒಂದು ಬೆರಳು

ನೀರು ತುಂಬಿದ ಗಾಜಿನ ತೊಟ್ಟಿ ಕಂಡು ಅದರೊಳಗೆ ಕೈ ಹಾಕದೆ ಬಿಟ್ಟ ಮನುಷ್ಯನನ್ನು ನಾನಂತೂ ನೋಡಿಲ್ಲ. ಹಾಕಿದ ಕೈಯಿಂದ ಏನಾದರೊಂದು ಫಜೀತಿ ಆಗದೆ ಬಿಟ್ಟದ್ದೂ ಇಲ್ಲ.

ಐದನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಲಾರಿ ಹತ್ತಿ ಕಾರವಾರಕ್ಕೆ ಹೋಗಿ, ಮೀನಿನ ತೊಟ್ಟಿ ಕಟ್ಟುವವನೊಬ್ಬನ ಕೈಕೆಳಗೆ ದುಡಿದೆ. ಅದೂ ಬ್ಯಾಸರಾಗಿ ಎಪ್ಪತ್ತರ ದಶಕದ ಕೊನೆಗೆ ಊರ ಕಡೆ ಬಂದೆ. ಹಾನಗಲ್ಲಿನ ಒಂದು ಟಾಕೀಸು, ಹಿರೇಕೆರೂರಿನ ಒಂದು ಅರಿವೆ ಅಂಗಡಿ, ಶಿಗ್ಗಾಂವಿಯ ಒಂದು ದವಾಖಾನೆ, ಹೀಗೆ ಬಸ್ಸು ಹತ್ತಿ ಇಳಿದು ತೊಟ್ಟಿ ತೊಳೆಯುವುದೇ ನನ್ನ ಉದ್ಯೋಗವಾಯಿತು. ಅವೆಲ್ಲ ಸಿಹಿನೀರಿನವು. ಉಪ್ಪುನೀರಿನದು ಒಂದೇ, ಸವಣೂರಿನ ವಕೀಲರ ಮನೆಯದು. ಕಾರವಾರದ ಲಾರಿ ತಡಸ ಊರಿನ ಮೇಲೆ ಹಾದು ಬರುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು ತರುತ್ತಿತ್ತು. ಒಳಗೆ ಹವಳದ ಕಲ್ಲು, ಬಣ್ಣದ ಮೀನು, ಹೂವಿನಂತೆ ಅರಳಿ ಮುಚ್ಚುವ ಜೀವಗಳು. ವಕೀಲರಿಗೆ ಅದರ ಮೇಲೆ ಪ್ರಾಣ. ಅವರ ತಾಯಿ ಮಾತ್ರ, ಮಡಿ ಅಜ್ಜಿ, ಅದಕ್ಕೆ ಬೆನ್ನು ಮಾಡಿಯೇ ಓಡಾಡುತ್ತಿದ್ದರು.

ಈ ಉದ್ಯೋಗದಲ್ಲಿ ನನ್ನ ಬಂಡವಾಳವೆಂದರೆ ಎರಡು ಕೈ. ಅದರೊಳಗಿನ ಒಂದು ಬೆರಳು ಆ ತೊಟ್ಟಿಯ ಪಾಲಾಗುವುದರಲ್ಲಿತ್ತು. ಆ ಕಥೆಗೆ ಬರಬೇಕಂದರೆ ಮೊದಲಿನಿಂದ ಹೇಳಬೇಕು.

ಎಡಗೈ

ವಕೀಲರ ಕಚೇರಿ ಮನೆಯ ಪಡಸಾಲೆಯಲ್ಲೇ. ಕಾಯುತ್ತ ಕುಂತ ಕಕ್ಷಿದಾರರಿಗೆ ಎರಡೇ ಕೆಲಸ: ಸವಣೂರಿನ ವೀಳ್ಯದೆಲೆ ಹಾಕುವುದು, ತೊಟ್ಟಿ ನೋಡುವುದು. ನೋಡಿ ನೋಡಿ, "ಖರೇನ ಉಪ್ಪೈತೇನ?" ಅಂತ ಸುಣ್ಣ-ತಂಬಾಕಿನ ಬೆರಳನ್ನೇ ಅದ್ದಿ ನೆಕ್ಕುತ್ತಿದ್ದರು. ಮೀನಿಗೆ ತಂಬಾಕು ವಿಷ. ನೆಕ್ಕಿದವರ ಹೊಟ್ಟೆಗೂ ಆ ನೀರು ಅಮೃತವೇನಲ್ಲ. ಕಡೆಗೆ ವಕೀಲರು "ಕೈ ಹಾಕಬಾರದು" ಅಂತ ಬೋರ್ಡು ಬರೆಸಿ ತೂಗುಹಾಕಿದರು. ಮರುದಿನವೇ ಹಿರೇಕೆರೂರ ಕಡೆಯ ಗೌಡರೊಬ್ಬರು ಮೊಳಕೈತನಕ ಇಳಿಸಿ ನಿಂತಿದ್ದರು.

"ಗೌಡ್ರ, ಬೋರ್ಡು ಓದಿಲ್ಲೇನ್ರಿ?" ಅಂದೆ.

"ಓದೇನಿ ತಮ್ಮಾ. ವಕೀಲರ ಮನಿ, ಓದಲಾರದ ಬಿಡ್ತೇನೇನು? ಅದಕ್ಕ ಸುಣ್ಣದ ಕೈ ಹೊರಗಿಟ್ಟು ಎಡಗೈ ಹಾಕೇನಿ."

ಕಡಿದದ್ದು ಯಾರು

ತೊಟ್ಟಿಗೆ ಕೈ ಇಳಿಸುವ ಮೊದಲು ಪಂಪಿನ ವೈರು, ದೀಪದ ವೈರು ಕಿತ್ತಿಡಬೇಕು. ಆದರೆ ಆಗ ಕರೆಂಟು ದಿನಾ ಹೋಗುತ್ತಿತ್ತು. ಹೋದಾಗ ಕೈ ಇಳಿಸುವುದು, ಬರುವುದರೊಳಗೆ ತೆಗೆಯುವುದು ನನ್ನ ಪದ್ಧತಿ. ಒಂದಿನ ಎಂದೂ ಇಲ್ಲದ್ದು ಕರೆಂಟು ಲಗೂನೆ ಬಂತು. ನಾನು ಹಾರಿ ಹೋಗಿ ಗೋಡೆಗೆ ಬಡಿದೆ. ಸಪ್ಪಳ ಕೇಳಿ ವಕೀಲರು ಓಡಿಬಂದರು.

"ಏನಾತೋ? ಯಾವ ಮೀನು ಕಡೀತು?"

"ಮೀನಲ್ರೀ, ಕರೆಂಟು!"

ಅವರು ಎದೆ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. "ಸದ್ಯ! ಹಂಗಾದ್ರ ಮೀನಿಗೇನೂ ಆಗಿಲ್ಲಲಾ?"

ಸಮುದ್ರಸ್ನಾನ

ಹಿತ್ತಲ ಬಾವಿಕಟ್ಟೆಯ ಹತ್ತಿರ ಅಜ್ಜಿ ನನ್ನ ಕೈಗೆ ಎತ್ತರದಿಂದ ತಂಬಿಗೆ ನೀರು ಸುರಿಯುತ್ತಿದ್ದರು. ಕೆಲಸಕ್ಕೆ ಮೊದಲು ಒಮ್ಮೆ ಬರೇ ನೀರು. ಮುಗಿದ ಮೇಲೆ ಸಾಬೂನು ಹಚ್ಚಿಸಿ ಇನ್ನೊಮ್ಮೆ. ಮೊದಲಿನದು ಮೀನಿನ ಸಲುವಾಗಿ, ಆಮೇಲಿನದು ನಿನ್ನ ಸಲುವಾಗಿ ಅಂತ ಕಾರವಾರದಲ್ಲಿ ನನಗೆ ಕಲಿಸಿದ್ದರು. ಅಜ್ಜಿ ಮಾಡಿಸುತ್ತಿದ್ದುದು ಮನೆಯ ಮಡಿಯ ಸಲುವಾಗಿ. ಕಾರಣ ಬೇರೆ ಬೇರೆ; ತೊಳೆದ ಕೈ ಮಾತ್ರ ಅಷ್ಟೇ ಸ್ವಚ್ಛ.

ಒಮ್ಮೆ ಚಾಷ್ಟಿ ಮಾಡಿದೆ: "ಅಮ್ಮಾರ, ಆ ಮೀನು ಮಡಿನೋ ಮೈಲಿಗಿನೋ?"

"ಅವು ಹುಟ್ಟಿದಾಗಿಂದ ಸಮುದ್ರಸ್ನಾನ ಮಾಡ್ಲಿಕ್ಕೆ ಹತ್ತ್ಯಾವ. ನೀ ಜಳಕಾ ಮಾಡಿ ಎಷ್ಟು ದಿವಸಾತು, ಅದನ್ನ ಹೇಳು."

ಇನ್ನೊಂದು ಥರ್ಮಾಮೀಟರು

ಹವಳದ ಕಲ್ಲು ನೋಡಲು ಹೂವು, ಮುಟ್ಟಿದರೆ ಗರಗಸ. ಒಂದಿನ ಬಲಗೈಯ ತೋರುಬೆರಳು ಕೊಯ್ಯಿತು. ಅರಿಷಿಣ ಒತ್ತಿ ಮರೆತೆ. ಗಾಯ ಮುಚ್ಚಿತು. ಕೆಲವು ವಾರದ ಮೇಲೆ ಅಲ್ಲೇ ಗಂಟು ಎದ್ದು ಬೆರಳು ಮಡಚದಂತಾಯಿತು. ಕಲ್ಲು ಕೊಯ್ದದ್ದು ಅಂತಷ್ಟೇ ಒಬ್ಬ ಡಾಕ್ಟರಿಗೆ ಹೇಳಿದೆ. ಮುಲಾಮು ಕೊಟ್ಟರು, ಸೂಜಿ ಮಾಡಿದರು. ಇಳಿಯಲಿಲ್ಲ. "ಹಿಂಗ ಏರಿದ್ರ ಬೆರಳು ತಗೀಬೇಕಾದೀತು" ಎಂದರು.

ಹತ್ತು ಬೆರಳಿದ್ದಾಗ ಒಂದರ ನೆನಪು ಯಾರಿಗೂ ಇರುವುದಿಲ್ಲ. ಆ ಮಾತು ಕೇಳಿದ ಮೇಲೆ ಬಸ್ಸಿನ ಕಂಬಿ ಹಿಡಿದಾಗಲೆಲ್ಲ ಅದನ್ನೇ ನೋಡುತ್ತಿದ್ದೆ. ಕಲಿತವರಿಗೆ ಬೆರಳು ಹೋದರೆ ಸಹಿ ಕೆಡಬಹುದು. ನನಗೆ ಅನ್ನವೇ ಕೆಡುತ್ತಿತ್ತು. ಅಂಜಿಕೆಗೆ ಯಾರಿಗೂ ಹೇಳದೆ ಮುಚ್ಚಿಕೊಂಡು ತಿರುಗಿದೆ.

ಕೈಗೆ ನೀರು ಸುರಿಯುವಾಗ ಅದನ್ನು ಕಂಡುಹಿಡಿದವರು ಅಜ್ಜಿ. ಎಂದೂ ನನ್ನನ್ನು ಮುಟ್ಟದಿದ್ದವರು ತಂಬಿಗೆ ಕೆಳಗಿಟ್ಟು, ಆ ಬೆರಳು ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು. ನನ್ನನ್ನು ಮುಟ್ಟಿದ್ದಕ್ಕೆ ಅವರು ಮತ್ತೆ ಸ್ನಾನ ಮಾಡಬೇಕಾಯಿತು. ಬಚ್ಚಲಿಗೆ ಹೋಗುತ್ತಲೇ ಮಗನಿಗೆ ಕೂಗಿ ಹೇಳಿದರು: "ಇವನ್ನ ಇವತ್ತ ಹುಬ್ಬಳ್ಳಿಗೆ ಕರಕೊಂಡು ಹೋಗು. ಕೋರ್ಟು ಎಲ್ಲೂ ಓಡಿ ಹೋಗೂದಿಲ್ಲ."

ಯಲವಿಗಿಯಲ್ಲಿ ರೈಲು ಹತ್ತಿದೆವು. ಹುಬ್ಬಳ್ಳಿಯ ಡಾಕ್ಟರು ಬೆರಳು ಒತ್ತಿ ನೋಡಿ, "ಹೆಂಗ ಆತಿದು?" ಅಂದರು.

"ಸಮುದ್ರದಾಗಿನ ಕಲ್ಲು ಕೊಯ್ತ್ರಿ."

"ಯಾವೂರ ಸಮುದ್ರ?"

"ಸವಣೂರದ್ರಿ."

ಡಾಕ್ಟರು ಥರ್ಮಾಮೀಟರು ತೆಗೆದು ನನ್ನ ಬಾಯಲ್ಲಿಟ್ಟರು. ಕರಿಕೋಟಿನ ವಕೀಲರು ಗಂಟಲು ಸರಿಮಾಡಿಕೊಂಡು ನನ್ನ ಪರವಾಗಿ ವಾದಕ್ಕೆ ನಿಂತರು: "ಇಂವ ಹೇಳೂದು ಖರೇ ಅದರೀ. ಆ ಸಮುದ್ರ ನಮ್ಮ ಪಡಸಾಲಿಯೊಳಗ ಅದ."

ಡಾಕ್ಟರು ನರ್ಸಿನ ಕಡೆ ತಿರುಗಿದರು. "ಸಿಸ್ಟರ್, ಇನ್ನೊಂದು ಥರ್ಮಾಮೀಟರು ತರ್ರಿ."

ಗಿಡದ ಹಾಲು

ತೊಟ್ಟಿಯ ಕಥೆ ಪೂರಾ ಕೇಳಿದ ಮೇಲೆ ಡಾಕ್ಟರ ಮುಖ ಗಂಭೀರವಾಯಿತು. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೀನಿನ ನೀರಿನಲ್ಲಿರುವ ರೋಗಾಣು ಗಾಯದೊಳಗೆ ಹೊಕ್ಕಿದೆ, ಅದಕ್ಕೆ ಬೇರೆಯೇ ಗುಳಿಗೆ ಎಂದರು. ತಿಂಗಳುಗಟ್ಟಲೆ ನುಂಗಿದೆ. ಸ್ವಲ್ಪ ಸೊಟ್ಟಾದರೂ ಬೆರಳು ಉಳಿಯಿತು. "ಕೈಯಾಗ ಗೀರಿದ್ದಾಗ ಆ ನೀರಿಗೆ ಹೋಗಬ್ಯಾಡ. ಗೀರಿಲ್ಲಂದ್ರೂ ರಬ್ಬರಿನ ಕೈಗವಸು ಹಾಕ್ಕೊ" ಎಂದು ಡಾಕ್ಟರು ಕಳಿಸಿದರು. ಹುಬ್ಬಳ್ಳಿಯಲ್ಲೇ ಒಂದು ಜೋಡಿ ಕೊಂಡೆ. ಕರ್ರಗೆ, ಮೊಳಕೈ ದಾಟುವಷ್ಟು ಉದ್ದ.

ಸವಣೂರಿನಲ್ಲಿ ಅಜ್ಜಿ ಅದನ್ನು ದೂರದಿಂದ ನೋಡಿದರು. "ತೊಗಲೇನೋ ಅದು?"

"ಅಲ್ರೀ ಅಮ್ಮಾರ, ರಬ್ಬರು. ಗಿಡದ ಹಾಲಿಂದ ಮಾಡ್ತಾರ."

"ಗಿಡದ ಹಾಲು!" ಅಜ್ಜಿ ವಿಚಾರಕ್ಕೆ ಬಿದ್ದರು. "ಒಳಗ ನೀರು ಇಳಿಯೂದಿಲ್ಲೇನು?"

"ಹನಿನೂ ಇಳಿಯೂದಿಲ್ರಿ."

"ಹೊರಗಿನ ಯಾವುದೂ ಒಳಗಿನ ಕೈಗೆ ತಾಕೂದಿಲ್ಲ?"

"ಯಾವುದೂ ಇಲ್ರಿ."

"ಹಂಗಾದ್ರ ಮುಂದಿನ ಸರ್ತಿ ನನಗೂ ಒಂದು ಜೋಡಿ ತಾ."

ತಂದುಕೊಟ್ಟೆ. ಆಮೇಲೆ ಒಂದಿನ ಹೋಗಿ ನೋಡುತ್ತೇನೆ: ಒದ್ದೆ ಮಡಿಸೀರೆ ಉಟ್ಟ ಅಜ್ಜಿ ಮೊಳಕೈತನಕ ಕರಿ ಕೈಗವಸು ಏರಿಸಿದ್ದಾರೆ. ಮಡಿಯಲ್ಲಿದ್ದುಕೊಂಡೇ ಹಾಲಿನವಳ ಚರಿಗೆ ಇಸಕೊಂಡರು, ರೇಡಿಯೋ ಹಚ್ಚಿದರು, ಸಾಲಿಗೆ ಹೊರಟ ಮೊಮ್ಮಗಳ ಜಡೆ ಬಿಗಿದರು. ವಕೀಲರು ಕಂಬದ ಹಿಂದೆ ನಗು ತಡೆಯಲು ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದರು. ನನ್ನನ್ನು ಕಂಡು ಅಜ್ಜಿ, "ಬೆರಳು ಹೆಂಗದನೋ?" ಅಂತ ಹತ್ತಿರ ಬಂದು ಬೆನ್ನು ತಟ್ಟಿದರು. ಈ ಸಲ ಸ್ನಾನದ ಮಾತಿಲ್ಲ. ರಬ್ಬರಿನ ಕೈಯಾದರೂ ಬೆನ್ನಿಗೆ ಬೆಚ್ಚಗನಿಸಿತು.

ಕೆಲಸ ಮುಗಿಸಿ, ಖುಷಿಯಲ್ಲಿ ನನ್ನ ಕೈಗವಸು ತೊಳೆದು ಗೋಡೆಯ ಗೂಟಕ್ಕೆ ಹಾಕಲು ಹೋದೆ. ಅಲ್ಲಿ ಅಜ್ಜಿಯ ಜೋಡಿ ಒಣಗುತ್ತಿತ್ತು.

"ಅಲ್ಲಿ ಬ್ಯಾಡೋ!" ಅಜ್ಜಿ ಚೀರಿದರು. "ನಿನ್ನವು ಮೀನಿನವು, ನನ್ನವು ಮಡಿವು. ಅದಲಿ ಬದಲಿ ಆದವು ಅಂದ್ರ, ಹುಬ್ಬಳ್ಳಿ ಡಾಕ್ಟರು ಉಳಿಸಿಕೊಟ್ಟ ಬೆರಳು ನಾನೇ ಕತ್ತರಿಸ್ತೀನಿ ನೋಡು!"