ಮಿಲ್ಕಾಳ ಗುಂಗುರು ಮತ್ತು ವಿವಾಹ ನೋಂದಣಿ

ಬೊರೊವ್ದೊಲ್ ಪುರಸಭೆಯ ವಿವಾಹ ನೋಂದಣಿ ವಿಭಾಗದಲ್ಲಿ ಮನುಷ್ಯರನ್ನು ಮುಖ ನೋಡಿ ಗುರುತಿಸುವ ಪದ್ಧತಿ ಇಲ್ಲ. ಮುಖವು ವಯಸ್ಸಾದಂತೆ ಬದಲಾಗುವ ವಸ್ತುವಾದ್ದರಿಂದ ಅದನ್ನು ನಂಬತಕ್ಕದ್ದಲ್ಲ ಎಂದು ನೋಂದಣಾಧಿಕಾರಿ ಗೊರಾನೊವ್ ಆದೇಶಿಸಿದ್ದರು. ಗುರುತಿನ ಚೀಟಿಯ ಫೋಟೋದಲ್ಲಿರುವ ಕೂದಲು ಎದುರಿಗಿರುವ ತಲೆಯ ಮೇಲೂ ಇರಬೇಕು, ಅಷ್ಟೆ.

ಫೋಟೋಕ್ಕೆ ಕೂರುವ ಮುನ್ನ ದೊನ್ಕಾಳ ಸಲೂನಿಗೆ ಹೋಗಿ ಬಿಸಿ ಕರ್ಲರಿನಿಂದ ಕೂದಲನ್ನು ಅಲೆ ಅಲೆಯಾಗಿ ಮಾಡಿಸಿಕೊಳ್ಳುವುದು ಆ ಊರಿನ ಹೆಂಗಸರ ವಾಡಿಕೆ. ವರ್ಷಗಟ್ಟಲೆ ಪರ್ಸಿನಲ್ಲಿ ಇಟ್ಟುಕೊಂಡು ತಿರುಗುವ ಮುಖ ಅಂದವಾಗಿರಬೇಡವೆ? ವಿಧವೆ ಮಿಲ್ಕಾಳೂ ಹಾಗೆಯೇ ಮಾಡಿಸಿಕೊಂಡಿದ್ದಳು. ಈಗ ಅವಳು ಜೇನು ಸಾಕುವ ರಾಡ್ಕೊನನ್ನು ಮದುವೆಯಾಗಲು ಹೊರಟಿದ್ದಳು. ರಾಡ್ಕೊ ಫೋಟೋ ತೆಗೆಸುವಾಗಲೇ ಬೋಳಾಗಿದ್ದರಿಂದ ಅವನದು ನಿಂತ ಕಾಲಲ್ಲೇ ಮಂಜೂರಾಯಿತು.

ಗೊರಾನೊವ್ ಮಿಲ್ಕಾಳ ಚೀಟಿ ನೋಡಿದರು, ಅಲೆಯಿಲ್ಲದ ನೇರ ಕೂದಲು ನೋಡಿದರು.

"ಫೋಟೋದಲ್ಲಿರೋರು ಬಂದಿಲ್ವಲ್ಲಮ್ಮ."

"ನಾನೇ ಬಂದಿದ್ದೀನಲ್ಲ ಸಾಹೇಬ್ರೆ."

"ನೀವು ಬಂದಿದ್ದೀರಿ. ಅವರು ಬಂದಿಲ್ಲ."

ಮಿಲ್ಕಾ ಸಲೂನಿಗೆ ಓಡಿದಳು. ದೊನ್ಕಾ ಎಳೆ ಎಳೆಯಾಗಿ ಬಿಸಿ ಕರ್ಲರಿಗೆ ಸುತ್ತಿ, ಆರುವ ತನಕ ಪಿನ್ನು ಹಾಕಿ, ಮೇಲೆ ಸ್ಪ್ರೇ ಹೊಡೆದು ಕಳಿಸಿದಳು. ಆದರೆ ಮಿಲ್ಕಾಳ ಕೂದಲು ತೀರಾ ನಯ, ಹೊರಗೆ ಜಿನುಗು ಮಳೆ. ಸಾಲಿನಲ್ಲಿ ಅವಳ ಸರದಿ ಬರುವಷ್ಟರಲ್ಲಿ ಅಲೆಗಳೆಲ್ಲ ಇಳಿದುಹೋಗಿದ್ದವು. ಗೊರಾನೊವ್ ಸಂತಾಪ ಸೂಚಿಸಿದರು. ಫೋಟೋದವರು ಬಾಗಿಲ ತನಕ ಬಂದು ವಾಪಸ್ಸಾದಂತಿದೆ ಎಂದರು.

ಹೀಗೆ ಮೂರು ಸಲ ಆಯಿತು. ಕೊನೆಗೆ ದೊನ್ಕಾಳೇ ಕರ್ಲರ್ ಹಿಡಿದು ಕಚೇರಿಗೆ ಬಂದಳು. ಅಲ್ಲಿದ್ದದ್ದು ಒಂದೇ ಪ್ಲಗ್ಗು. ಕರ್ಲರ್ ಹಾಕಿದರೆ ಕಂಪ್ಯೂಟರ್ ಆರುತ್ತದೆ, ಕಂಪ್ಯೂಟರ್ ಏಳುವಷ್ಟರಲ್ಲಿ ಕೂದಲು ಮಲಗುತ್ತದೆ. ಮನೆಯಲ್ಲಿ ಕುರಿಮರಿ ಒಲೆಯೊಳಗೆ ಬೇಯುತ್ತಿತ್ತು, ಅಲ್ಲೇ ಉಳಿದಿದ್ದ ನೆಂಟರು ರಾಕಿಯಾ ಸಾರಾಯಿ ಕುಡಿದು ಹಾಡಲು ಶುರುಮಾಡಿದ್ದರು. ರಾಡ್ಕೊ ಗಡಿಯಾರ ನೋಡಿಕೊಂಡ. ಈ ವಯಸ್ಸಿನಲ್ಲಿ ಸಿಕ್ಕವನು ಬೇಸತ್ತು ಎದ್ದುಹೋದರೆ ಏನು ಗತಿ ಎಂದು ಮಿಲ್ಕಾಳಿಗೆ ನಿಜಕ್ಕೂ ಅಳು ಬಂತು.

ಆಗ ಗೊರಾನೊವ್ ಅವರ ಕಣ್ಣು ದೊನ್ಕಾಳ ತಲೆಯ ಮೇಲೆ ಬಿತ್ತು. ಅವಳದು ತಂತಿಯಂಥ ಒರಟು ಕೂದಲು. ಬೆಳಿಗ್ಗೆ ಮಾಡಿಕೊಂಡ ಅಲೆ ಮಳೆಗಾಳಿಗೂ ಜಗ್ಗಿರಲಿಲ್ಲ. ಅವರು ಚೀಟಿಯನ್ನು ಅವಳ ಕಿವಿಯ ಪಕ್ಕ ಹಿಡಿದು ಹೋಲಿಸಿ, ತೃಪ್ತರಾದರು.

"ಬನ್ನಿ ಮಿಲ್ಕಾ ಅವರೇ, ಇಷ್ಟೊತ್ತು ಎಲ್ಲಿದ್ರಿ?"

ದೊನ್ಕಾ ಮಿಲ್ಕಾಳ ಮುಖ ನೋಡಿದಳು. "ಹೋಗೇ ಮಾರಾಯ್ತಿ," ಎಂದಳು ಮಿಲ್ಕಾ, "ಕುರಿ ಸೀದುಹೋಗುತ್ತೆ."

ಹೂಗುಚ್ಛ ಕೈ ಬದಲಾಯಿತು. ದೊನ್ಕಾ ರಾಡ್ಕೊನ ಪಕ್ಕ ನಿಂತು ಒಪ್ಪಿಗೆ ಎಂದಳು, ಮಿಲ್ಕಾ ಎಂದು ಸಹಿ ಹಾಕಿದಳು. ಅತಿಥಿಗಳ ಜೊತೆ ಬಂದಿದ್ದ ದೊನ್ಕಾಳ ಸ್ವಂತ ಗಂಡನೇ ಸಾಕ್ಷಿ ಹಾಕಿದ. ಯಾರಿಗೂ ಇದರಲ್ಲಿ ಲೋಪ ಕಾಣಲಿಲ್ಲ.

ಇನ್ನು ಉಳಿದದ್ದು ಕಾಲು ತುಳಿಯುವ ಶಾಸ್ತ್ರ. ಸಹಿಯಾದ ಕೂಡಲೇ ಗಂಡು ಹೆಣ್ಣಿನಲ್ಲಿ ಯಾರು ಮೊದಲು ಇನ್ನೊಬ್ಬರ ಕಾಲು ತುಳಿಯುತ್ತಾರೋ ಮನೆಯಲ್ಲಿ ಅವರದೇ ಮಾತು. ರಾಡ್ಕೊ ಬೂಟು ಎತ್ತಿದ, ಆದರೆ ಯಾರ ಕಾಲು ತುಳಿಯಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡು ನಿಂತ. ಅಷ್ಟರಲ್ಲಿ ಮಿಲ್ಕಾ ಅತಿಥಿಗಳ ಸಾಲಿನಿಂದ ನುಗ್ಗಿ ಬಂದು ಅವನ ಇನ್ನೊಂದು ಕಾಲನ್ನು ಹಿಮ್ಮಡಿಯಿಂದ ಬಲವಾಗಿ ತುಳಿದಳು.

ಸಭೆ ಗೊರಾನೊವ್ ಅವರ ಕಡೆ ತಿರುಗಿತು. ಅವರು ಕನ್ನಡಕ ಏರಿಸಿಕೊಂಡು ನಿಯಮಾವಳಿಯನ್ನು ಮೊದಲಿನಿಂದ ಕೊನೆಯ ತನಕ ಓದಿದರು. ತುಳಿಯುವ ಕಾಲು ಫೋಟೋದವರದೇ ಆಗಿರತಕ್ಕದ್ದು ಎಂದು ಎಲ್ಲೂ ಇರಲಿಲ್ಲ.

"ಸಿಂಧು," ಎಂದು ಅವರು ಮೊಹರು ಒತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ದೊನ್ಕಾ ಸಲೂನಿನ ಬಾಗಿಲು ತೆಗೆಯಲು ಹೋದಳು, ರಾಡ್ಕೊ ಕುಂಟುತ್ತಾ ಮಿಲ್ಕಾಳ ಹಿಂದೆ ಮನೆಗೆ ನಡೆದ.