ಪನಾಮಾ ಕಾಲುವೆಯಲ್ಲಿ ಅತ್ತೆಯ ಸೀರೆ

ಆ ಟಿಕೆಟ್ಟಿಗೆ ನಾನು ಕೊಟ್ಟದ್ದು ಎಂಟುನೂರು ಡಾಲರ್. ಹಡಗಿನ ಏಜೆಂಟು ಕೇಳಿದ್ದು ಸಾವಿರದ ನಾನೂರು. ಯಾಕೆ ಕೊಟ್ಟೆ ಎಂದರೆ, ನಮ್ಮ ಅತ್ತೆ ಶಾಂತವ್ವ ಫ್ಲಾರಿಡಾದಲ್ಲಿ ನನ್ನ ನಾದಿನಿ ಸುನಂದಾಳ ಮನೆಯಲ್ಲಿದ್ದರು, ಸಿಯಾಟಲ್ ಪಕ್ಕದ ವುಡಿನ್‌ವಿಲ್‌ನ ನಮ್ಮ ಮನೆಗೆ ಬರಬೇಕಿತ್ತು, ಆದರೆ ಮತ್ತೆ ವಿಮಾನ ಹತ್ತುವುದಿಲ್ಲವೆಂದು ಶಪಥ ಮಾಡಿದ್ದರು. "ಆಕಾಶದಾಗ ಕೂತ್ರ ಕಿವಿ ಒಡೀತಾವವಾ. ನೆಲದ ಮ್ಯಾಲ ಕರಕೊಂಡು ಹೋಗು, ಇಲ್ಲಾ ನೀರಿನ ಮ್ಯಾಲ ಕರಕೊಂಡು ಹೋಗು" ಎಂದಿದ್ದರು. ನಾನು ನೀರನ್ನು ಆರಿಸಿಕೊಂಡೆ.

ಚಳಿಗಾಲವನ್ನು ಫ್ಲಾರಿಡಾದ ಕಡೆ ಕಳೆದ ಪ್ರವಾಸಿ ಹಡಗುಗಳು ವಸಂತ ಬಂದೊಡನೆ ಅಲಾಸ್ಕಾ ಯಾತ್ರೆಗೆಂದು ಪನಾಮಾ ಕಾಲುವೆ ದಾಟಿ ಸಿಯಾಟಲ್‌ಗೆ ಬರುತ್ತವೆ. ಹೇಗಿದ್ದರೂ ಬರಲೇಬೇಕು, ಅರ್ಧ ಖಾಲಿ ಇರುತ್ತವೆ. ಇಂಥ ಕಡೆ ಚೌಕಾಸಿ ಮಾಡದಿದ್ದರೆ ಪಾಪ ಬರುತ್ತದೆ! ನಾನು ಚಿಕ್ಕಪೇಟೆಯ ಪಾತ್ರೆ ಅಂಗಡಿಯಲ್ಲಿ ತೂಕದ ಕಲ್ಲುಗಳ ನಡುವೆ ಬೆಳೆದವಳು. ರೆಡ್ಮಂಡ್‌ನ ಸಾಫ್ಟ್‌ವೇರ್ ಮಕ್ಕಳಿಗೆ ಚಪಾತಿ ಡಬ್ಬಿ ಕಳಿಸಿ ಸ್ವಂತ ವ್ಯಾಪಾರ ಕಟ್ಟಿದವಳು. ಫೋನಿನಲ್ಲಿ ಅರ್ಧ ದಿನ ಕಾಡಿದ ಮೇಲೆ ಆ ಏಜೆಂಟು ಸೋತ.

"ಕಿಟಕಿ ಇಲ್ಲದ ರೂಮಂತೆ ಕಣೇ" ಎಂದರು ನನ್ನ ಗಂಡ ಗುರುರಾಜ.

"ಕಿಟಕಿ ಯಾಕ್ರೀ? ಹೊರಗೂ ನೀರೇ ತಾನೆ ಇರೋದು?"

"ಒಬ್ಬಳನ್ನೇ ಕಳಿಸೋದಾ?"

"ಸಾವಿರಾರು ಜನ ಇರ್ತಾರೆ. ಒಬ್ಬರು ಹೇಗಾಗ್ತಾರೆ?"

ಅತ್ತೆಗೆ ಫೋನಿನಲ್ಲಿ ಸಲಹೆಗಳ ಮೇಲೆ ಸಲಹೆ ಕೊಟ್ಟೆ. ಮೊಬೈಲು ಆಫ್ ಮಾಡಿಡಿ, ರೋಮಿಂಗ್ ಅನ್ನೋದು ಮನೆ ನುಂಗುತ್ತೆ. ಹಡಗಿನ ಇಂಟರ್ನೆಟ್ಟು ಕೊಳ್ಳಬೇಡಿ. ಊಟದ ದುಡ್ಡು ಟಿಕೆಟ್ಟಿನಲ್ಲೇ ಸೇರಿದೆ, ಒಂದು ಹೊತ್ತೂ ತಪ್ಪಿಸಬೇಡಿ. ಯಾರಾದರೂ ನಿಮ್ಮ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡಬೇಡಿ, ಏನೋ ಮಾರಲಿಕ್ಕೇ ಕರೆಯುತ್ತಿರುತ್ತಾರೆ. ಅತ್ತೆ ಎಲ್ಲಕ್ಕೂ "ಹೂಂ" ಎಂದರು. ನನ್ನ ಮಾತಿಗೆ ಇಷ್ಟು ಬೆಲೆ ಕೊಡುವವರು ನನ್ನ ಮನೆಯಲ್ಲಂತೂ ಇಲ್ಲ.

ಪನಾಮಾ ಕಾಲುವೆಯ ದಡದಲ್ಲಿ ಒಂದು ಕ್ಯಾಮೆರಾ ಇದೆ. ಅದು ಸ್ವಲ್ಪ ಹೊತ್ತಿಗೊಮ್ಮೆ ಒಂದೊಂದು ಚಿತ್ರ ತೆಗೆದು ಜಗತ್ತಿಗೆಲ್ಲ ಪುಕ್ಕಟೆ ತೋರಿಸುತ್ತದೆ. ಪುಕ್ಕಟೆ! ಆ ಪದ ಕೇಳಿದರೆ ನನ್ನ ಮೈಯೆಲ್ಲ ಕಣ್ಣು. ಕೆಂಪು ಇಳಕಲ್ ಸೀರೆ ಉಟ್ಟು, ಮೇಲಿನ ಅಂತಸ್ತಿನ ರೇಲಿಂಗಿನ ಪಕ್ಕ ನಿಂತು ಕೈ ಬೀಸಿ ಎಂದು ಅತ್ತೆಗೆ ಹೇಳಿಟ್ಟೆ. ಸುನಂದಾಗೂ ನೋಡಲು ತಿಳಿಸಿದೆ. ಹಡಗು ಕಾಲುವೆ ದಾಟುವ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಮೂರ್ತಿ ದಂಪತಿಗಳನ್ನು ಇಡ್ಲಿ ವಡೆಗೆ ಕರೆದು, ಟೀವಿಗೆ ಲ್ಯಾಪ್‌ಟಾಪು ಜೋಡಿಸಿದೆ. ಮಾಡಿದ ಉಪಕಾರಕ್ಕೆ ನಾಲ್ಕು ಜನ ಸಾಕ್ಷಿ ಇರಲಿ ಎಂಬುದು ನನ್ನ ಸದುದ್ದೇಶ.

ಮೈಸೂರಿನ ಮೂರ್ತಿಯವರು ಸರ್ವಜ್ಞರು. ವಡೆಯಿಂದಲೇ ತೋರಿಸುತ್ತ ಪಾಠ ಶುರು ಮಾಡಿದರು. "ಇದನ್ನ ಲಾಕ್ ಅಂತಾರೆ. ಬಾಗಿಲು ಹಾಕಿ ನೀರು ಇಳಿಸ್ತಾರೆ, ಹಡಗು ಮೆಟ್ಟಿಲು ಇಳಿದಂಗೆ ಕೆಳಗೆ ಬರುತ್ತೆ. ಗೋಡೆಗೂ ಹಡಗಿಗೂ ಮಧ್ಯೆ ಒಂದು ಮೊಳ ಜಾಗ ಇರಲ್ಲ ನೋಡಿ. ಅಲ್ಲೇನಾದ್ರೂ ಬಿದ್ರೆ..."

"ರೀ, ಚಟ್ನಿ ಹಾಕಿಸ್ಕೊಳ್ಳಿ" ಎಂದು ಅವರ ಹೆಂಡತಿ ವಸುಧಾ ಬಾಯಿ ಮುಚ್ಚಿಸಿದರು.

ಹಡಗು ಬಂತು. ಒಂದು ಬಡಾವಣೆಗೆ ಬಡಾವಣೆಯೇ ಎರಡು ಗೋಡೆಗಳ ನಡುವೆ ತೆವಳಿ ಬಂದ ಹಾಗೆ! ಮೇಲಿನ ಅಂತಸ್ತಿನಲ್ಲಿ ಜನ ಸಾಸಿವೆ ಚೆಲ್ಲಿದಂತೆ. ನಡುವೆ ಒಂದು ಕೆಂಪು.

"ಅಗೋ ಅತ್ತೆ!" ಎಂದು ಚಪ್ಪಾಳೆ ಹೊಡೆದೆ. ಎಲ್ಲರೂ ಹೊಡೆದರು. ಚಿತ್ರ ಬದಲಾಯಿತು, ಹಡಗು ಇನ್ನಷ್ಟು ಹತ್ತಿರ ಬಂತು.

ಮೂರ್ತಿಯವರು ಕನ್ನಡಕ ಸರಿಮಾಡಿಕೊಂಡು ಟೀವಿಯ ಹತ್ತಿರ ಹೋದರು. "ಸೀರೆ ಇದೆ" ಎಂದರು. ಆಮೇಲೆ ಮೆಲ್ಲಗೆ, "ಒಳಗೆ ಯಾರೂ ಇಲ್ವಲ್ಲ."

ನಿಜ. ಸೀರೆ ರೇಲಿಂಗಿನಿಂದ ಹೊರಗೆ, ನೀರಿನ ಕಡೆಗೆ ಜೋತುಬಿದ್ದಿತ್ತು. ಅದರ ಹಿಂದೆ ಅತ್ತೆ ಇರಲಿಲ್ಲ. ಅಕ್ಕಪಕ್ಕದಲ್ಲೂ ಇರಲಿಲ್ಲ.

ಮುಂದಿನ ಚಿತ್ರದಲ್ಲಿ ಬಿಳಿ ಸಮವಸ್ತ್ರದವನೊಬ್ಬ ಅದೇ ಜಾಗದಲ್ಲಿ ನಿಂತು ಕೆಳಗೆ ಬಗ್ಗಿ ನೋಡುತ್ತಿದ್ದ. ಅದರ ಮುಂದಿನದರಲ್ಲಿ ಮೂವರು ಬಗ್ಗಿ ನೋಡುತ್ತಿದ್ದರು. ಅದರ ಮುಂದಿನದರಲ್ಲಿ ಸೀರೆಯೂ ಇರಲಿಲ್ಲ!

ನನ್ನ ಕೈಯ ತಟ್ಟೆ ಯಾವಾಗ ಬಿತ್ತೋ ತಿಳಿಯದು. ಭಯವಾದರೆ ನನ್ನ ಗಂಡನ ಬೆಂಗಳೂರು ಕನ್ನಡ ಓಡಿಹೋಗಿ ನವಲಗುಂದದ ಕನ್ನಡ ಮರಳಿ ಬರುತ್ತದೆ. "ಅವ್ವಾ... ನಮ್ಮವ್ವಗ ಈಜು ಬರೂದಿಲ್ಲಲೇ!" ಎಂದು ಅವರು ಸೋಫಾದಿಂದ ನೆಲಕ್ಕೆ ಕುಸಿದರು.

ಅಷ್ಟರಲ್ಲಿ ಸುನಂದಾಳ ಫೋನು. "ವೈನೀ, ಅವ್ವ ಎಲ್ಲಿ ಅದಾಳ?"

"ಬಾತ್‌ರೂಮಿಗೆ ಹೋಗಿರ್ಬೇಕು ಸುನಂದಾ."

"ಸೀರಿ ಬಿಚ್ಚಿಟ್ಟು ಹೋಗ್ಯಾಳೇನು?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಖರೇ ಹೇಳ್ರಿ. ಒಬ್ಬಾಕಿನ್ನ ಹಡಗಿನಾಗ ಕುಂಡ್ರಿಸಿ ಎಷ್ಟು ಉಳಿಸಿದ್ರಿ?" ಎಂದವಳೇ ಅಳತೊಡಗಿದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಳಿಸಿದ ಒಂದೊಂದು ಡಾಲರೂ ಎದೆಯ ಮೇಲೆ ಕಲ್ಲಿನಂತೆ ಕೂತಿತು. ಇನ್ನು ನವಲಗುಂದದಿಂದ ಚಿಕ್ಕಪೇಟೆಯವರೆಗೆ ನನಗೊಂದೇ ಹೆಸರು: ಅಗ್ಗದ ಟಿಕೆಟ್ಟಿಗೆ ಅತ್ತೆಯನ್ನು ನುಂಗಿದವಳು.

ಅತ್ತೆಯ ಮೊಬೈಲಿಗೆ ಮಾಡಿದೆ. ಆಫ್. ಆಫ್ ಮಾಡಿಸಿದ ಮಹಾನುಭಾವಿ ನಾನೇ! ಹಡಗಿನ ಕಂಪನಿಗೆ ಮಾಡಿದೆ. ಸಂಗೀತ ಕೇಳಿಸಿದರು. ಸಂಗೀತದ ನಡುವೆ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತೆ. ಮೊದಲು ಹೂಮುಡಿ, ಅಂದರೆ ಒಂದೆರಡು ಎಳೆ ಕೂದಲು, ಎಂದೆ. ಸಂಗೀತ ನಿಲ್ಲಲಿಲ್ಲ. ಅರ್ಧ ಜಡೆ ಎಂದೆ. ನಿಲ್ಲಲಿಲ್ಲ. "ಪೂರ್ತಿ ತಗೊಳ್ಳಪ್ಪ, ಬೋಳಿಸಿಬಿಡು!" ಎಂದೆ. ಜೀವನದಲ್ಲಿ ಮೊದಲ ಬಾರಿಗೆ, ಎದುರಿನವರು ಬಾಯಿ ತೆರೆಯುವ ಮೊದಲೇ ನಾನು ಬೆಲೆ ಏರಿಸಿದ್ದೆ.

ಒಬ್ಬ ಹೆಂಗಸು ಫೋನಿಗೆ ಬಂದಳು. ಸೀರೆ, ನೀರು, ಮೂವರು ಬಗ್ಗಿ ನೋಡಿದ್ದು, ಎಲ್ಲವನ್ನೂ ಹೇಳಿದೆ. ಅವಳ ದನಿ ಒಮ್ಮೆಲೇ ಗಂಭೀರವಾಯಿತು. ಹಡಗಿಗೆ ಸಂಪರ್ಕಿಸುತ್ತೇನೆ, ಲೈನಿನಲ್ಲೇ ಇರಿ ಎಂದಳು. ವಸುಧಾ ನನ್ನ ಕೈ ಹಿಡಿದುಕೊಂಡರು. ಸರ್ವಜ್ಞ ಮೂರ್ತಿಯವರು ಒಂದು ಮಾತೂ ಆಡಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಆಕೆ ಮತ್ತೆ ಬಂದು ಹೇಳಿದ್ದಿಷ್ಟು: ರೂಮು ಖಾಲಿ ಇದೆ. ಇಡೀ ಹಡಗಿಗೆ ಕೇಳುವಂತೆ ಮೈಕಿನಲ್ಲಿ ಹೆಸರು ಕೂಗಿದ್ದೇವೆ. ಮತ್ತೆ ಮತ್ತೆ ಕೂಗಿದ್ದೇವೆ. ಆಕೆ ಬಂದಿಲ್ಲ.

ನನ್ನ ಗಂಡ ಗೋಡೆಗೆ ಮುಖ ಮಾಡಿ ನಿಂತರು. ಅವರ ಹೆಗಲು ಅಲುಗುತ್ತಿತ್ತು. ಅವರನ್ನು ಮುಟ್ಟಲು ನನಗೆ ಧೈರ್ಯ ಬರಲಿಲ್ಲ. ಟೀವಿಯಲ್ಲಿ ಹಡಗು ಬಾಗಿಲು ದಾಟಿ ಹೊರಟುಹೋಗಿತ್ತು. ಕಾಲುವೆಯಲ್ಲಿ ಬರೀ ನೀರು. ಆ ನೀರನ್ನೇ ನೋಡುತ್ತ ಕೂತೆ. ಅದರಲ್ಲಿ ಏನೂ ತೇಲದಿರಲಿ ಎಂದು ಕಣ್ಣು ಮಿಟುಕಿಸದೆ ನೋಡಿದೆ.

ಎಷ್ಟು ಹೊತ್ತಾಯಿತೋ. ಫೋನಿನ ಹೆಂಗಸು ಗಂಟಲು ಸರಿಮಾಡಿಕೊಂಡಳು. "ಮ್ಯಾಮ್, ಆಕೆ ಸಿಕ್ಕಿದ್ದಾರೆ. ಊಟದ ಹಾಲಿನಲ್ಲಿದ್ದಾರೆ. ಆದರೆ ಮುಗಿಯುವವರೆಗೆ ಏಳುವುದಿಲ್ಲ ಎನ್ನುತ್ತಿದ್ದಾರೆ."

ಕೊನೆಗೂ ಅತ್ತೆಯ ದನಿ ಬಂತು. ಬಾಯಲ್ಲಿ ಏನೋ ಇತ್ತು.

"ಅತ್ತೇ! ಎಲ್ಲಿ ಹೋಗಿದ್ರಿ? ಸೀರೆ ಯಾಕೆ ಅಲ್ಲಿತ್ತು?"

"ಜಾಗಾ ಹಿಡಿಯಾಕ ಕಟ್ಟಿ ಬಂದಿದ್ದೆ. ಹುಬ್ಬಳ್ಳಿ ಬಸ್ಸಿನಾಗ ಟವೆಲ್ಲು ಒಗಿಯೂದಿಲ್ಲೇನು? ಆ ಬಿಳಿ ಅಂಗಿಯವರು ಬಿಚ್ಚಿಕೊಂಡು ಹೋಗ್ಯಾರಂತ. ಗಾಳಿಗಿ ಹಾರ್ತೈತಂತ. ಸೀರಿ ಹಾಕಿದ ಜಾಗಾನ ಬಿಡಿಸೂ ಮಂದಿ ಇವರು, ಎಂಥಾ ದೇಶ ಇದು!"

"ಮೈಕಿನಲ್ಲಿ ಹೆಸರು ಕೂಗಿದ್ರಲ್ಲ?"

"ಕೂಗಿದ್ರು. ಏನೋ ಮಾರಾಕ ಹತ್ತ್ಯಾರಂತ ಸುಮ್ಮನ ಕುಂತೆ. ನೀನ ಹೇಳಿದ್ಯಲ್ಲ."

"ಆದ್ರೆ ಕಾಲುವೆ ಬಂದಾಗ ಊಟಕ್ಕೆ ಯಾಕೆ ಹೋದ್ರಿ?"

"ಊಟದ ರೊಕ್ಕ ಟಿಕೀಟಿನಾಗ ಸೇರೇತಿ, ಒಂದು ಹೊತ್ತು ತಪ್ಪಿಸಿದ್ರ ಲುಕ್ಸಾನು ಅಂತ ಅಂದಾಕಿ ಯಾರು? ಈಗ ಫೋನ್ ಇಡವಾ! ನಿಮಿಷಕ್ಕ ಎಷ್ಟು ಬೀಳತೈತಿ ಗೊತ್ತೇನು?"

ಇಟ್ಟರು. ನನ್ನ ಗಂಡ ಅಳುತ್ತಲೇ ನಕ್ಕರು. ಮೂರ್ತಿಯವರಿಗೆ ಮಾತು ಮರಳಿತು. "ನಾನು ಆಗಲೇ ಅಂದ್ಕೊಂಡೆ, ಅಲ್ಲಿ ಊಟದ ಹೊತ್ತಲ್ವಾ ಅಂತ" ಎಂದರು.

ಮುಂದೆ ಅತ್ತೆ ದುಂಡಗಾಗಿ ಸಿಯಾಟಲ್‌ನಲ್ಲಿ ಇಳಿದರು. ಕಾಲುವೆ ನೋಡಲಿಲ್ಲವಲ್ಲ ಎಂದು ಕೇಳಿದ್ದಕ್ಕೆ, "ನಮ್ಮೂರ ಮಲಪ್ರಭಾ ಕಾಲುವಿ ನೋಡಿಲ್ಲೇನು? ಇದಕ್ಕ ಬಾಗಿಲಾ ಅದಾವು, ಅಷ್ಟ" ಎಂದರು. ಸುನಂದಾ ನನ್ನೊಡನೆ ಮಾತು ಬಿಟ್ಟದ್ದು ದೀಪಾವಳಿಯವರೆಗೂ ನಡೆಯಿತು.

ಆದ್ದರಿಂದ ಓದುಗರೇ, ಅನುಭವಸ್ಥೆಯ ಮಾತು ಕೇಳಿ. ಹಿರಿಯರನ್ನು ಹಡಗಿಗೆ ಹತ್ತಿಸಿದರೆ ಇಂಟರ್ನೆಟ್ಟನ್ನು ಕೇಳಿದ ಬೆಲೆಗೇ ಕೊಂಡುಕೊಡಿ. ಹಡಗು ಕಾಲುವೆಗೆ ಯಾವ ಹೊತ್ತಿಗೆ ಬರುತ್ತದೆಂದು ಮೊದಲೇ ವಿಚಾರಿಸಿ, ಅದು ಊಟದ ಹೊತ್ತಾದರೆ ಕ್ಯಾಮೆರಾ ಹಚ್ಚಲೇಬೇಡಿ. ಹಚ್ಚಿದರೂ ಪಕ್ಕದ ಮನೆಯವರನ್ನು ಕರೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮಂದಿಗೆ ಸಲಹೆ ಕೊಡುವ ಮುನ್ನ ಅವರು ಅದನ್ನು ಪಾಲಿಸುವವರೋ ಅಲ್ಲವೋ ನೋಡಿಕೊಳ್ಳಿ. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರು ಇಡೀ ಜಗತ್ತಿನಲ್ಲಿ ಒಬ್ಬರೇ, ಅವರು ನನ್ನ ಜೀವ ತೆಗೆದರು. ಹಾಗಾಗಿ ಈ ಸಲಹೆಗಳನ್ನೂ ಪೂರ್ತಿ ನಂಬದೆ, ಒಮ್ಮೆ ಬೇರೆ ಯಾರನ್ನಾದರೂ ಕೇಳಿ ನೋಡಿ!